ಸ್ವಾಧೀನದ ಸುದ್ದಿ, ಸಣ್ಣ ಷೇರು: ನಿಯಮ ತಲುಪದ ಮೂಲೆ

ಮೊಬೈಲ್ ಫೋನಿನಲ್ಲಿಯೇ ಡಿಮ್ಯಾಟ್ ಖಾತೆ ತೆರೆಯುವ ವ್ಯವಸ್ಥೆ ಬಂದ ಬಳಿಕ ಷೇರು ವ್ಯವಹಾರ ಮಹಾನಗರಗಳ ಸ್ವತ್ತಾಗಿ ಉಳಿದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರಿನ ಹೂಡಿಕೆದಾರರು ದಲ್ಲಾಳಿ ಕಚೇರಿಯನ್ನು ಹುಡುಕಿಕೊಂಡು ಮೈಸೂರಿಗೆ ಹೋಗಬೇಕಾದ ಅಗತ್ಯವೂ ಇಲ್ಲ. ಇದು ಸ್ವಾಗತಾರ್ಹವೇ. ಆದರೆ ಖಾತೆಯ ಹಿಂದೆಯೇ 'ಟಿಪ್ಸ್' ಕೂಡ ಬಂದಿವೆ. ಹತ್ತು ರೂಪಾಯಿಗೂ ಕಡಿಮೆ ಬೆಲೆಯ ಷೇರು, ದೊಡ್ಡ ಸಮೂಹವೊಂದು ಆ ಕಂಪನಿಯನ್ನು ಕೊಳ್ಳಲಿದೆಯೆಂಬ ಪಿಸುಮಾತು, ಇಂದೇ ಕೊಂಡರೆ ಲಾಭ ಎಂಬ ಆತುರ: ಇವು ಮೂರೂ ಸಾಮಾನ್ಯವಾಗಿ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ.

ಇದಕ್ಕೆ ಸಾಧನಾ ಬ್ರಾಡ್‌ಕಾಸ್ಟ್ ಪ್ರಕರಣಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. 2022ರ ಜುಲೈನಲ್ಲಿ ಯೂಟ್ಯೂಬ್ ವಾಹಿನಿಗಳಲ್ಲಿ ಈ ಕಂಪನಿಯನ್ನು ಕುರಿತ ವಿಡಿಯೊಗಳು ಪ್ರಕಟವಾದವು. ಅದಾನಿ ಸಮೂಹ ಇದನ್ನು ಸ್ವಾಧೀನಪಡಿಸಿಕೊಳ್ಳಲಿದೆ, ಅಮೆರಿಕದ ಕಂಪನಿಯೊಂದರಿಂದ 1,100 ಕೋಟಿ ರೂಪಾಯಿಯ ಗುತ್ತಿಗೆ ದೊರೆತಿದೆ ಎಂಬುದು ಅವುಗಳ ಸಾರಾಂಶ. ಎರಡೂ ಸುಳ್ಳು. ಸೆಬಿ 2023ರ ಮಾರ್ಚ್‌ನಲ್ಲಿ ನೀಡಿದ ಮಧ್ಯಂತರ ಆದೇಶದ ಪ್ರಕಾರ ಸಣ್ಣ ಷೇರುದಾರರ ಸಂಖ್ಯೆ 2,167ರಿಂದ 55,343ಕ್ಕೆ ಏರಿತ್ತು. ಅವರು ಕೊಳ್ಳುತ್ತಿದ್ದಾಗ ಪ್ರವರ್ತಕರ ಬಳಗವೂ ಮೊದಲೇ ಷೇರು ಶೇಖರಿಸಿಟ್ಟಿದ್ದವರೂ ಮಾರುತ್ತಿದ್ದರು. 2025ರ ಮೇ ತಿಂಗಳಿನ ಅಂತಿಮ ಆದೇಶದಲ್ಲಿ ಸುಮಾರು 58 ಕೋಟಿ ರೂಪಾಯಿಯನ್ನು ಬಡ್ಡಿಸಹಿತ ಹಿಂದಿರುಗಿಸುವಂತೆ ಸೂಚಿಸಲಾಯಿತು. ವಿಡಿಯೊ ಪ್ರಕಟವಾದ ಸುಮಾರು ಮೂರು ವರ್ಷಗಳ ನಂತರ!

ವದಂತಿಗೆ ಕಡಿವಾಣ ಹಾಕುವ ನಿಯಮವೇ ಇಲ್ಲವೆಂದಲ್ಲ. ಮಾಧ್ಯಮದಲ್ಲಿ ಬಂದ ಸುದ್ದಿಯಿಂದ ಬೆಲೆ ಗಣನೀಯವಾಗಿ ಕದಲಿದರೆ ಕಂಪನಿ 24 ಗಂಟೆಗಳೊಳಗೆ ಅದನ್ನು ದೃಢಪಡಿಸಬೇಕು, ಇಲ್ಲವೇ ನಿರಾಕರಿಸಬೇಕು. ಆದರೆ ಈ ಕಟ್ಟುಪಾಡು 2024ರ ಜೂನ್‌ನಲ್ಲಿ ಮಾರುಕಟ್ಟೆ ಮೌಲ್ಯದ ಮೊದಲ 100 ಕಂಪನಿಗಳಿಗೆ, ಡಿಸೆಂಬರ್‌ನಲ್ಲಿ ಮೊದಲ 250ಕ್ಕೆ ಅನ್ವಯವಾಯಿತು. ಅಂದರೆ ವದಂತಿಯಿಂದ ಅಷ್ಟೇನೂ ಅಲುಗಾಡದ ದೈತ್ಯರಿಗೆ ನಿಯಮ ಉಂಟು. ವದಂತಿಯನ್ನೇ ನೆಚ್ಚಿ ಏರುವ ಸಣ್ಣ ಕಂಪನಿಗಳಿಗೆ ಇಲ್ಲ. ಷೇರುಪೇಟೆ ಅವುಗಳಿಂದಲೂ ವಿವರಣೆ ಕೇಳಬಹುದು, ನಿಜ. ಉತ್ತರ ಬರುವಷ್ಟರಲ್ಲಿ ಮಾರುವವರು ಮಾರಿರುತ್ತಾರೆ. ಈ ಲೋಪ ಸರಿಹೋಗದೆ ಸೆಬಿಯ ಆದೇಶಗಳು ಘಟನೋತ್ತರ ಶಿಕ್ಷೆಯಾಗಿಯೇ ಉಳಿಯುತ್ತವೆ.

ಹಾಗಾದರೆ ನಿಜವಾದ ಸ್ವಾಧೀನವನ್ನು ಗುರುತಿಸುವುದು ಹೇಗೆ? ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡನ್ನು ಕೈಗೆತ್ತಿಕೊಂಡು ನೋಡದೆ ಯಾವ ರೀಲರೂ ಬೆಲೆ ಹೇಳುವುದಿಲ್ಲ. ಷೇರಿನಲ್ಲಿಯೂ ಹಾಗೆ ಎತ್ತಿ ನೋಡಬಹುದಾದ ಕುರುಹುಗಳಿವೆ. ಪಟ್ಟಿಯಲ್ಲಿರುವ ಕಂಪನಿಯ ಶೇ. 25 ಅಥವಾ ಹೆಚ್ಚಿನ ಮತಾಧಿಕಾರವನ್ನಾಗಲಿ, ನಿಯಂತ್ರಣವನ್ನಾಗಲಿ ಪಡೆಯಲು ಹೊರಟವರು 2011ರ ಸ್ವಾಧೀನ ನಿಯಮಾವಳಿಯಂತೆ ಉಳಿದ ಷೇರುದಾರರಿಗೆ ಕನಿಷ್ಠ ಶೇ. 26ರಷ್ಟು ಷೇರು ಕೊಳ್ಳುವ ಮುಕ್ತ ಕೊಡುಗೆ ನೀಡಬೇಕು. ಅದರ ವಿವರ ಇಂಗ್ಲಿಷ್, ಹಿಂದಿ ಪತ್ರಿಕೆಗಳಲ್ಲಷ್ಟೇ ಅಲ್ಲ, ಕಂಪನಿಯ ನೋಂದಾಯಿತ ಕಚೇರಿಯಿರುವ ಊರಿನ ಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟವಾಗಬೇಕು. ಅಂತಹ ಪ್ರಕಟಣೆಯಿಲ್ಲದೆ 'ಕಂಪನಿ ಕೈಬದಲಾಗಿದೆ' ಎನ್ನುವ ಸಂದೇಶವನ್ನು ನಂಬಲು ಕಾರಣವಿಲ್ಲ.

ಇನ್ನೊಂದು ಬಗೆ ತಿರುವುಮುರುವು: ಸಣ್ಣ ಕಂಪನಿಯೇ ಬೇರೊಂದನ್ನು ಕೊಳ್ಳುವುದಾಗಿ ಸಾರುತ್ತದೆ. 'ಪ್ರತಿಷ್ಠಿತ ವಿದೇಶಿ ಸಂಸ್ಥೆ', 'ವ್ಯೂಹಾತ್ಮಕ ಪಾಲುದಾರಿಕೆ', 'ಪ್ರಾಥಮಿಕ ಮಾತುಕತೆ' ಎಂಬ ಪದಗಳು ಧಾರಾಳ. ಬಹಿರಂಗಪಡಿಸುವಿಕೆಯ ನಿಯಮದಂತೆ ಕೊಳ್ಳಲಿರುವ ಸಂಸ್ಥೆಯ ಹೆಸರು, ಕಳೆದ ಮೂರು ವರ್ಷಗಳ ವಹಿವಾಟು, ಬೆಲೆ, ಹಣವೋ ಷೇರು ವಿನಿಮಯವೋ, ಪ್ರವರ್ತಕರಿಗೆ ಅದರಲ್ಲಿ ಹಿತಾಸಕ್ತಿಯಿದೆಯೇ, ಎಷ್ಟು ದಿನಗಳಲ್ಲಿ ಪೂರ್ಣವಾಗುತ್ತದೆ ಎಂಬೆಲ್ಲವನ್ನೂ ತಿಳಿಸಬೇಕು. ಇವನ್ನು ಷೇರುಪೇಟೆಯ ಅಂತರ್ಜಾಲ ತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಓದಬಹುದು.

ಸ್ವಾಧೀನ ನಿಜವೇ ಆಗಿದ್ದರೂ ಲಾಭ ನಿಶ್ಚಿತವಲ್ಲ. ಬೆಂಗಳೂರಿನ ಕರುತುರಿ ಗ್ಲೋಬಲ್ 2007ರಲ್ಲಿ ಕೆನ್ಯಾದ ಬೃಹತ್ ಗುಲಾಬಿ ತೋಟವನ್ನು ನಿಜಕ್ಕೂ ಕೊಂಡಿತ್ತು. ಇಥಿಯೋಪಿಯಾದಲ್ಲಿ 1 ಲಕ್ಷ ಹೆಕ್ಟೇರ್ ಭೂಮಿಯನ್ನೂ ಗುತ್ತಿಗೆಗೆ ಪಡೆಯಿತು. 2014ರಲ್ಲಿ ಕೆನ್ಯಾದ ತೋಟ ಸಾಲದಾತರು ನೇಮಿಸಿದ ಆಡಳಿತಗಾರರ ಕೈಸೇರಿತು. 2015ರ ಕೊನೆಯಲ್ಲಿ ಇಥಿಯೋಪಿಯಾ ಸರ್ಕಾರ ಗುತ್ತಿಗೆಯನ್ನು ರದ್ದುಪಡಿಸಿತು.

ಇಂತಹ ಷೇರುಗಳಲ್ಲಿ ಇಳಿಕೆಯೇ ದೊಡ್ಡ ಬಲೆ. ಏರುವಾಗ ಕೊಳ್ಳಲು ಸಿಗುವುದಿಲ್ಲ, ಬೀಳುವಾಗ ಮಾರಲು ಆಗುವುದಿಲ್ಲ. ದಿನವೂ ಶೇ. 5ರ ಕೆಳಮಿತಿ ತಾಗಿ ವಹಿವಾಟು ಸ್ತಬ್ಧವಾಗುತ್ತದೆ. ಮಾರುವವರ ಸಾಲು ಬೆಳೆಯುತ್ತದೆ, ಕೊಳ್ಳುವವರು ಒಬ್ಬರೂ ಇರುವುದಿಲ್ಲ. ಸತತ ಹತ್ತು ದಿನ ಹೀಗಾದರೆ ನೂರು ರೂಪಾಯಿ ಅರವತ್ತರ ಆಸುಪಾಸಿಗೆ ಇಳಿಯುತ್ತದೆ. ಬೆಳೆ ಮಾರಿದ ದುಡ್ಡನ್ನು ಅಥವಾ ಚೀಟಿ ಎತ್ತಿದ ಹಣವನ್ನು ಇಲ್ಲಿ ತೊಡಗಿಸಿದವರಿಗೆ ಆ ಹತ್ತು ದಿನಗಳು ಬಹಳ ದೀರ್ಘ.

ತಪ್ಪಿತಸ್ಥರಿಂದ ವಸೂಲಾಗುವ ಅಕ್ರಮ ಲಾಭ ತಾನಾಗಿಯೇ ನೊಂದವರ ಖಾತೆಗೆ ಬರುವುದಿಲ್ಲ. ಅದು ಸೇರುವುದು ಸೆಬಿಯ ಹೂಡಿಕೆದಾರರ ರಕ್ಷಣೆ ಮತ್ತು ಶಿಕ್ಷಣ ನಿಧಿಗೆ.