ಗುಟ್ಟು ಕಾಯುವವರಿಗೆ ಪಕ್ಷವುಂಟೆ?

ಹಿಂದಿನ ಕಾಲದಲ್ಲಿ ಮನೆಯ ಗುಟ್ಟು ನಾಲ್ಕು ಗೋಡೆಗಳೊಳಗೆ ಇರುತ್ತಿದ್ದಿತು. ಹೊರಗೆ ಹೋಗಬೇಕಾದರೆ ಅಂಟು ಹಚ್ಚಿದ ಲಕೋಟೆಯಲ್ಲಿ ಹೋಗುತ್ತಿದ್ದಿತು. ಈಗ ಮಗಳ ಮದುವೆಯ ಮಾತು, ವೈದ್ಯರ ಚೀಟಿ, ಬ್ಯಾಂಕಿನ ಲೆಕ್ಕ, ದೂರದೇಶದಲ್ಲಿರುವ ಮಗನ ಕಷ್ಟಸುಖ ಎಲ್ಲವೂ ಮೊಬೈಲಿನ ಮೂಲಕ, ನಾವು ಕಣ್ಣಿನಿಂದ ಕಾಣದ ಕಂಪನಿಗಳ ಯಂತ್ರಗಳನ್ನು ಹಾದು ಹೋಗುತ್ತವೆ. ಈ ಕಂಪನಿಗಳಲ್ಲಿ ಕೆಲವು, “ನಿಮ್ಮ ಪತ್ರವನ್ನು ನಾವೂ ಓದಲಾರೆವು” ಎಂಬ ಭರವಸೆಯ ಮೇಲೆಯೇ ವ್ಯಾಪಾರ ನಡೆಸುತ್ತವೆ. ಇಂತಹವು ರಾಜಕೀಯದಲ್ಲಿ ಯಾರ ಪಕ್ಷವನ್ನೂ ವಹಿಸದೆ ಇರಬಲ್ಲವೆ? ವಹಿಸಿದರೆ ಅವುಗಳನ್ನು ನಂಬಬಹುದೆ? ಈ ತಿಂಗಳು ವಾಚಕರ ಮುಂದೆ ಈ ಪ್ರಶ್ನೆಯನ್ನು ಇಡುತ್ತೇವೆ.

ಯಂತ್ರಗಳ ಮಾತಿಗೆ ಮುಂಚೆ, ನಡುವೆ ನಿಲ್ಲುವುದೆಂದರೇನೆಂಬುದನ್ನು ನಮ್ಮ ನಾಡಿನ ಒಂದು ಮೂಲೆಯಲ್ಲಿ ನೋಡೋಣ. ಹನೂರು ತಾಲ್ಲೂಕಿನ ಗೋಪಿನಾಥಂ ತಮಿಳುನಾಡಿನ ಗಡಿಯ ಬಳಿಯಲ್ಲಿರುವ ಕಾಡಂಚಿನ ಊರು. ವೀರಪ್ಪನ್ ಹುಟ್ಟಿದ ಊರು. 2004ರಲ್ಲಿ ಅವನು ಸಾಯುವವರೆಗೆ ಆ ಸೀಮೆಯ ಜನರ ಪಾಡು ಹೇಳತೀರದು. ಪೋಲೀಸರೊಡನೆ ಮಾತನಾಡಿದವನು ಕಾಡಿನವನ ಕಣ್ಣಿಗೆ ಬೇಹುಗಾರ. ಮಾತನಾಡದವನು ಪೋಲೀಸರ ಕಣ್ಣಿಗೆ ಕಾಡುಗಳ್ಳನ ಕಡೆಯವನು. ಯಾರ ಗೋಜಿಗೂ ಹೋಗೆನೆಂದವನಿಗೆ ನಿಲ್ಲುವುದಕ್ಕೆ ನೆಲವೇ ಇರಲಿಲ್ಲ. ಮೌನವೂ ಒಂದು ಪಕ್ಷವೆಂದೇ ಎಣಿಕೆಯಾಗುತ್ತಿದ್ದಿತು.

ಅಂತಹ ಊರಿನಲ್ಲಿಯೇ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ಜನರ ನಂಬಿಕೆಯನ್ನು ಗಳಿಸಿದರು. ಅವರು ಸರ್ಕಾರದವರೆಂಬುದೂ ವೀರಪ್ಪನ್‌ನನ್ನು ಕಾನೂನಿಗೆ ಒಪ್ಪಿಸುವುದೇ ಅವರ ಉದ್ದೇಶವೆಂಬುದೂ ಊರಿಗೆಲ್ಲ ಗೊತ್ತಿದ್ದ ಸಂಗತಿ. ಅವರು ಅದನ್ನು ಮರೆಮಾಡಲಿಲ್ಲ. ಆದರೆ ಊರಿಗೆ ಔಷಧೋಪಚಾರದ ಏರ್ಪಾಡು ಮಾಡಿದರು, ಮಾರಿಯಮ್ಮನ ಗುಡಿಯನ್ನು ಕಟ್ಟಿಸಿದರು, ಜನರನ್ನು ಜನರೆಂದು ಕಂಡರು. 1991ರ ನವೆಂಬರಿನಲ್ಲಿ, ವೀರಪ್ಪನ್ ಶರಣಾಗುವನೆಂಬ ಮಾತನ್ನು ನಂಬಿ ಆಯುಧವಿಲ್ಲದೆ ಕಾಡಿಗೆ ಹೋದ ಅವರನ್ನು ಅವನು ಕೊಂದನು. ಮರುವರ್ಷ ಸರ್ಕಾರವು ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರವನ್ನು ಕೊಟ್ಟಿತು.

ಇದರಿಂದ ನಾವು ಎರಡು ಸಂಗತಿಗಳನ್ನು ಕಲಿಯಬಹುದು. ನಂಬಿಕೆಯು ಪಕ್ಷವಿಲ್ಲದಿರುವುದರಿಂದ ಹುಟ್ಟುವುದಿಲ್ಲ. ನಿಂತಿರುವ ಜಾಗವನ್ನು ಮುಚ್ಚಿಡದೆ ಎಲ್ಲರೊಡನೆಯೂ ಒಂದೇ ರೀತಿ ನಡೆದುಕೊಳ್ಳುವುದರಿಂದ ಹುಟ್ಟುತ್ತದೆ. ಇದು ಮೊದಲನೆಯದು. ಬರಿಯ ಮಾತನ್ನು ನಂಬಿ, ಕಾಪಿಲ್ಲದೆ ಹೋಗಬಾರದು. ಇದು ಎರಡನೆಯದು.

ಈಗ ಪತ್ರದ ಕಂಪನಿಗಳಿಗೆ ಬರೋಣ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ವಿಜ್ಞಾನಿಗಳು ಸೇರಿ ಕಟ್ಟಿದ ಪ್ರೋಟಾನ್ ಎಂಬ ಸಂಸ್ಥೆಯು ಮಿಂಚಂಚೆಯನ್ನು ಬೀಗ ಹಾಕಿ ಇಡುತ್ತದೆ. ಕೀಲಿಕೈ ಇರುವುದು ಪತ್ರದ ಒಡೆಯರಲ್ಲಿ. 2024ರ ಡಿಸೆಂಬರಿನಲ್ಲಿ ಅದರ ಮುಖ್ಯಸ್ಥ ಆಂಡಿ ಯೆನ್ ಅವರು, ಅಮೆರಿಕದ ಟ್ರಂಪ್ ಅವರು ಏಕಸ್ವಾಮ್ಯದ ವಿಚಾರಣೆಯ ಹುದ್ದೆಗೆ ಮಾಡಿದ ಆಯ್ಕೆಯನ್ನು ಹೊಗಳಿ, ಸಾಮಾನ್ಯರ ಪರವಾಗಿ ನಿಲ್ಲುವ ಪಕ್ಷ ಈಗ ರಿಪಬ್ಲಿಕನ್ ಪಕ್ಷವೇ ಎಂಬರ್ಥದ ಮಾತನ್ನು ಬರೆದರು. ಮುಂದಿನ ತಿಂಗಳು ಗ್ರಾಹಕರಲ್ಲಿ ಕೋಲಾಹಲವೆದ್ದಿತು. ಕಂಪನಿಯ ಹೆಸರಿನಲ್ಲಿಯೇ ಅದನ್ನು ಸಮರ್ಥಿಸುವ ಬರಹ ಬಂದು, ಅನಂತರ ಅಳಿಸಿಹೋಯಿತು. ಸಂಸ್ಥೆಯು ಯಾವ ಪಕ್ಷಕ್ಕೂ ಸೇರಿದುದಲ್ಲವೆಂದು ಸಮಾಧಾನ ಹೇಳಬೇಕಾಯಿತು.

ಒಬ್ಬ ಮನುಷ್ಯನಿಗೆ ಅಭಿಪ್ರಾಯವಿರುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಊರಿನ ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವನು ಒಂದು ಬಣದ ಜಯಘೋಷ ಮಾಡಿದರೆ, ಇನ್ನೊಂದು ಬಣದವರು ತಮ್ಮ ಪೆಟ್ಟಿಗೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುವುದು ಸಹಜ. ಅದಕ್ಕಿಂತ ಮುಖ್ಯವಾದ ಪ್ರಶ್ನೆಯೆಂದರೆ, ಅವನಿಗೆ ಮನಸ್ಸು ಬಂದರೂ ಪೆಟ್ಟಿಗೆಯನ್ನು ತೆರೆಯಬಲ್ಲನೆ ಎಂಬುದು. 2016ರಲ್ಲಿ ಅಮೆರಿಕದ ಅಧಿಕಾರಿಗಳು ಸಿಗ್ನಲ್ ಎಂಬ ಸಂದೇಶ ಸಂಸ್ಥೆಯಿಂದ ಬಳಕೆದಾರರ ವಿವರಗಳನ್ನು ಕೇಳಿದಾಗ, ಅದು ಕೊಡಬಲ್ಲುದಾಗಿದ್ದುದು ಎರಡೇ: ಖಾತೆ ತೆರೆದ ಸಮಯ, ಕಡೆಯ ಸಲ ಸಂಪರ್ಕವಾದ ದಿನ. ಇಟ್ಟುಕೊಳ್ಳದುದನ್ನು ಯಾರೂ ಕಿತ್ತುಕೊಳ್ಳಲಾರರು.

ಹಾಗಾದರೆ ಬೀಗವೊಂದಿದ್ದರೆ ಸಾಕೆ? ಸಾಲದು. ಓಲೆಕಾರನು ಯಾವ ದೊರೆಯ ನೆಲದಲ್ಲಿ ನಡೆಯುವನೋ ಆ ದೊರೆಯ ಆಜ್ಞೆಗೆ ಒಳಪಟ್ಟವನು. ಮೈಸೂರಿನ ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಏರ್ಪಡಿಸಿದ ಅಂಚೆಯು ಓಲೆಯನ್ನು ಮುಟ್ಟಿಸುವುದರ ಜೊತೆಗೆ ಸೀಮೆಯ ಸುದ್ದಿಯನ್ನು ಅರಮನೆಗೆ ತಿಳಿಸುವ ಕೆಲಸವನ್ನೂ ಮಾಡುತ್ತಿದ್ದಿತು. ಪ್ರೋಟಾನಿಗೆ ದೊರೆ ಸ್ವಿಸ್ ಕಾನೂನು. 2021ರಲ್ಲಿ ಆ ಕಾನೂನಿನ ಆಜ್ಞೆಯಂತೆ, ಫ್ರಾನ್ಸಿನ ಒಬ್ಬ ಪರಿಸರ ಹೋರಾಟಗಾರರು ಯಾವ ಜಾಲವಿಳಾಸದಿಂದ ಸಂಪರ್ಕಿಸುತ್ತಿದ್ದರೆಂಬುದನ್ನು ಅದು ಒಪ್ಪಿಸಬೇಕಾಯಿತು. ಪತ್ರದ ಒಡಲು ಬೀಗದೊಳಗೆ ಉಳಿಯಿತು. ಪತ್ರ ಬರೆದವರು ಮಾತ್ರ ಉಳಿಯಲಿಲ್ಲ. ಕಂಪನಿಯು ತನ್ನ ಭರವಸೆಯ ವಾಕ್ಯವನ್ನು ತಿದ್ದಿ ಬರೆಯಿತು. ಯಾರಿಂದ ಯಾರಿಗೆ, ಯಾವಾಗ, ಯಾವ ವಿಷಯವಾಗಿ ಎಂಬಿಷ್ಟು ಲಕೋಟೆಯ ಮೇಲಿನ ಬರಹದಂತೆ ಆ ಬೀಗದ ಹೊರಗೇ ಇರುತ್ತದೆಂಬುದನ್ನು ಗೃಹಸ್ಥರು ಮರೆಯಬಾರದು.

ಈ ವ್ಯಾಜ್ಯವು ನಮ್ಮ ಮನೆಬಾಗಿಲಿಗೂ ಬಂದಿದೆ. ಒಂದು ಕಂಪನಿಯು, ತನ್ನ ಮಹಿಳಾ ಉದ್ಯೋಗಿಗಳನ್ನು ಕುರಿತು ಪ್ರೋಟಾನ್ ಅಂಚೆಯ ಮೂಲಕ ಅಶ್ಲೀಲ ಪತ್ರಗಳೂ ಕೃತಕವಾಗಿ ರಚಿಸಿದ ಚಿತ್ರಗಳೂ ಬಂದುವೆಂದು ಹೈಕೋರ್ಟಿಗೆ ದೂರಿತು. 2025ರ ಏಪ್ರಿಲ್ 29ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಆ ಅಂಚೆಯನ್ನು ದೇಶದಲ್ಲಿ ತಡೆಯುವ ಕ್ರಮವನ್ನು ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ವಿಧಿಯಂತೆ ಆರಂಭಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಆಜ್ಞಾಪಿಸಿದರು. ಒಬ್ಬ ದುಷ್ಟನ ಪತ್ರಕ್ಕಾಗಿ ಅಂಚೆಮನೆಯನ್ನೇ ಮುಚ್ಚಿದರೆ, ಗಂಡನ ಪೆಟ್ಟಿಗೆ ಹೆದರಿ ತವರಿಗೆ ಗುಟ್ಟಾಗಿ ಬರೆಯುವ ಹೆಣ್ಣುಮಗಳ ದಾರಿಯೂ ಮುಚ್ಚುವುದೆಂಬುದು ನಿಜ. ಆದರೆ ಇತ್ತ ಮಾನಕ್ಕೆ ಕುಂದು ಬಂದ ಹೆಣ್ಣುಮಗಳೂ ಕೇಳುವುದು ತನ್ನ ಬಾಳಿನ ಗೋಪ್ಯತೆಯನ್ನೇ ಅಲ್ಲವೆ? ಪರದೇಶದ ಪೋಲೀಸರು ಸ್ವಿಸ್ ಅಧಿಕಾರಿಗಳ ಮೂಲಕವೇ ಬರತಕ್ಕದ್ದೆಂಬ ನಿಯಮವು ಕಂಪನಿಯ ದೃಷ್ಟಿಗೆ ನಿಷ್ಪಕ್ಷಪಾತವಾಗಿ ತೋರಬಹುದು. ಬೆಂಗಳೂರಿನಿಂದ ನೋಡುವವಳಿಗೆ ಅದು ಗೋಪಿನಾಥಂನ ಮೌನದಂತೆ ಒಂದು ಪಕ್ಷವಾಗಿಯೇ ತೋರುವುದು. ಆದುದರಿಂದ ನೊಂದವರ ದೂರು ಬೇಗ ಮುಟ್ಟುವ ದಾರಿಯನ್ನು ತೋರಿಸದೆ, ತನಗೆ ಪಕ್ಷವಿಲ್ಲವೆಂದು ಹೇಳಿಕೊಳ್ಳುವ ಅಧಿಕಾರ ಯಾವ ಕಂಪನಿಗೂ ಇಲ್ಲವೆಂದು ನಮ್ಮ ಮತ.

ಪೂರ್ಣವಾಗಿ ನಡುವೆ ನಿಲ್ಲುವುದು ಕಂಪನಿಗಳಿಗೆ ಸಾಧ್ಯವಿಲ್ಲ. ನಂಬಿಕೆಗೆ ಪಾತ್ರವಾಗುವುದು ಸಾಧ್ಯ. ಆಳಿಗೆ ಉಗ್ರಾಣದ ಬೀಗದಕೈ ಕೊಡುವ ಮುನ್ನ ಮನೆಯ ಹಿರಿಯರು ಅವನ ಬಾಯಿಮಾತನ್ನು ಕೇಳುತ್ತಿರಲಿಲ್ಲ, ನಡತೆಯನ್ನು ವಿಚಾರಿಸುತ್ತಿದ್ದರು. ನಾವೂ ಮೂರನ್ನು ವಿಚಾರಿಸೋಣ: ನಮ್ಮ ವಿಷಯವಾಗಿ ಇವರು ಏನನ್ನು ಇಟ್ಟುಕೊಂಡಿದ್ದಾರೆ? ಯಾವ ದೇಶದ ಆಜ್ಞೆಗೆ ತಲೆಬಾಗುತ್ತಾರೆ? ಹಿಂದೆ ತಲೆಬಾಗಬೇಕಾಗಿ ಬಂದಾಗ ಅದನ್ನು ಬಿಚ್ಚಿ ಹೇಳಿದರೆ, ಮುಚ್ಚಿಟ್ಟರೆ? ಉತ್ತರ ದೊರೆತಷ್ಟನ್ನು ಮಾತ್ರ ಅವರ ಕೈಗೆ ಒಪ್ಪಿಸೋಣ. ಉಳಿದುದನ್ನು, ಮಗಳು ಊರಿಗೆ ಬಂದಾಗ, ಜಗಲಿಯ ಮೇಲೆ ಕುಳಿತು ಹೇಳಿದರಾಯಿತು.