ಒಂದೇ ಗುಳಿಗೆ, ಎರಡು ದೇಹ

ನಮ್ಮ ತುರುವನೂರಿನ ಒಂದು ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರಿಗೂ ಕ್ಷಯ ತಗುಲಿತೆಂದು ಭಾವಿಸಿರಿ. ಇಬ್ಬರಿಗೂ ಒಂದೇ ಗುಳಿಗೆ. ಅಣ್ಣನು ಮೈತುಂಬಿಕೊಂಡನು. ತಮ್ಮನಿಗಾದರೋ ಕೆಲವೇ ವಾರಗಳಲ್ಲಿ ಅನ್ನ ಸೇರದು, ವಾಕರಿಕೆ. ಮೂತ್ರ ಚಹದ ಬಣ್ಣ, ಕಣ್ಣು ಹಳದಿ. ಔಷಧಿಯೇ ವಿಷವಾಯಿತೆಂದು ನೆರೆಯವರು ನುಡಿದರು. ಅಜ್ಜಿ ನೆಲನೆಲ್ಲಿಯನ್ನು ಅರೆಯಲು ಕುಳಿತಳು.

ಈ ಭೇದವೇಕೆ? ಕ್ಷಯದ ಮದ್ದುಗಳಲ್ಲಿ ಐಸೋನಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಎಂಬ ಮೂರೂ ಯಕೃತ್ತನ್ನು ನೋಯಿಸಬಲ್ಲವು. 1952ರಲ್ಲಿ ಬಳಕೆಗೆ ಬಂದ ಐಸೋನಯಜಿಡ್ಡಿನ ಕಥೆ ವಿಶೇಷವಾದುದು. ಯಕೃತ್ತಿನ ಒಂದು ಕಿಣ್ವವು ಅದನ್ನು ಮಾರ್ಪಡಿಸಿ ಹೊರಗೆ ಸಾಗಹಾಕುತ್ತದೆ. ಆ ಕಿಣ್ವವನ್ನು ರೂಪಿಸುವ ವಂಶವಾಹಿಗೆ ನ್ಯಾಟ್-2 ಎಂದು ಹೆಸರು. ತಂದೆಯಿಂದೊಂದು, ತಾಯಿಯಿಂದೊಂದು ಪ್ರತಿ ನಮಗೆ ಬರುತ್ತದೆ. ಎರಡೂ ಮಂದಗತಿಯವಾದರೆ ಮದ್ದೂ ಅದರಿಂದ ಹುಟ್ಟುವ ವಿಷಪದಾರ್ಥವೂ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಅಣ್ಣನಿಗೆ ವೇಗದ ಪ್ರತಿಯೊಂದು ದೊರೆತಿದ್ದೀತು. ತಮ್ಮನಿಗೆ ಎರಡೂ ಮಂದವಾದವೇ ಬಂದಿದ್ದಾವು.

ಇದು ಕುಲದ ಕಳಂಕವಲ್ಲ. ದಕ್ಷಿಣ ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಂದಗತಿಯವರೇ. ಹೆಣ್ಣು ನೋಡಲು ಬಂದವರು ಇದನ್ನೂ ವಿಚಾರಿಸತೊಡಗಿದರೆ ನಮ್ಮಲ್ಲಿ ಅರ್ಧ ಮದುವೆಗಳು ನಿಂತುಹೋದಾವು! ಅವರಲ್ಲಿಯೂ ಬಹುಪಾಲಿನವರಿಗೆ ಏನೂ ಆಗದು. ಅಪಾಯದ ಸಂಭವ ಹೆಚ್ಚು, ಅಷ್ಟೆ. ವೃದ್ಧಾಪ್ಯ, ಪೌಷ್ಟಿಕ ಆಹಾರದ ಕೊರತೆ, ಮದ್ಯಪಾನಗಳು ಆ ಸಂಭವವನ್ನು ಇನ್ನಷ್ಟು ಬೆಳೆಸುತ್ತವೆ. 1939ರಲ್ಲಿ ಈಚಲ ಮರಗಳನ್ನು ಕಡಿದು ಸತ್ಯಾಗ್ರಹ ಹೂಡಿದ ಊರಿನವರಿಗೆ ಹೆಂಡದ ಕೇಡನ್ನು ನಾನು ಬಣ್ಣಿಸಬೇಕಾಗಿಲ್ಲ.

ಹಿಂದೆ ಕ್ಷಯರೋಗಿಯನ್ನು ಆರೋಗ್ಯಧಾಮಕ್ಕೆ ಕಳುಹಿಸುತ್ತಿದ್ದರು. ಮನೆಯಲ್ಲಿದ್ದು ಔಷಧಿ ಸೇವಿಸಿದರೂ ಅಷ್ಟೇ ಗುಣವಾಗುವುದೆಂದು 1956ರಲ್ಲಿ ಸ್ಥಾಪಿತವಾದ ಮದರಾಸಿನ ಸಂಶೋಧನ ಕೇಂದ್ರವು 1959ರಲ್ಲಿ ತೋರಿಸಿಕೊಟ್ಟಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದುದೂ ಅದೇ ವರ್ಷ. ಹೀಗೆ ದಾದಿಯ ಕಣ್ಣು ನೋಡುತ್ತಿದ್ದುದನ್ನು ಈಗ ತಾಯಿಯ, ಮಡದಿಯ ಕಣ್ಣು ನೋಡಬೇಕಾಗಿದೆ. ರೋಗಿಗೆ ಅನ್ನ ಸೇರದಾದಾಗ, ಕಣ್ಣು ಹಳದಿಯಾದಾಗ, ಅಂದಿನ ಗುಳಿಗೆಯನ್ನು ನುಂಗಿಸುವ ಮೊದಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ನೆಲನೆಲ್ಲಿಯನ್ನು ಕುಡಿಸುತ್ತ ಗುಳಿಗೆಯನ್ನೂ ಮುಂದುವರಿಸಿದರೆ ಪ್ರಾಣಕ್ಕೇ ಸಂಚಕಾರ. ಹೆದರಿ ಚಿಕಿತ್ಸೆಯನ್ನೇ ಕೈಬಿಟ್ಟರೆ ಕ್ಷಯವು ಮರಳೀತು, ಮದ್ದಿಗೆ ಬಗ್ಗದ ರೂಪದಲ್ಲಿಯೇ ಮರಳೀತು. ವೈದ್ಯರು ರಕ್ತವನ್ನು ಪರೀಕ್ಷಿಸಿ, ಮದ್ದನ್ನು ತಡೆದು, ಯಕೃತ್ತು ಚೇತರಿಸಿದ ಮೇಲೆ ಒಂದೊಂದನ್ನಾಗಿ ಮತ್ತೆ ಕೊಟ್ಟು ನೋಡುತ್ತಾರೆ. ಒಗ್ಗದ್ದು ಯಾವುದೆಂಬುದು ಆಗ ತಿಳಿಯುತ್ತದೆ.

ವಂಶವಾಹಿಯನ್ನು ಮೊದಲೇ ಪರೀಕ್ಷಿಸಿ ಮದ್ದಿನ ಪ್ರಮಾಣವನ್ನು ಗೊತ್ತುಮಾಡಬಾರದೆ? ಜಪಾನಿನಲ್ಲಿ ಹಾಗೆ ಮಾಡಿ ನೋಡಿದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಮಂದಗತಿಯವರಿಗೆ ಐಸೋನಯಜಿಡ್ಡನ್ನು ತಗ್ಗಿಸಿ ಕೊಟ್ಟಾಗ ಯಕೃತ್ತಿನ ಹಾನಿ ಕಡಮೆಯಾಯಿತು. ಆ ದೇಶದಲ್ಲಿ ಮಂದಗತಿಯವರು ಹತ್ತರಲ್ಲಿ ಒಬ್ಬರು ಮಾತ್ರ. ಅರ್ಧಕ್ಕೂ ಮಿಕ್ಕಿರುವ ನಮ್ಮಲ್ಲಿ ಈ ಪರೀಕ್ಷೆಯು ಸರಕಾರಿ ಚಿಕಿತ್ಸೆಯ ವಾಡಿಕೆಯೊಳಗೆ ಇನ್ನೂ ಸೇರಿಲ್ಲ.