ದಾನಿ ಹೋದ ಮೇಲೆ ಮಾತ್ರೆ ಕೊಡುವವರು ಯಾರು?

ರೋಹಿಣಿ ನಿಲೇಕಣಿ ಅವರ ದತ್ತಿ ಸಂಸ್ಥೆ 2023ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ಗೆ ಮಿದುಳು, ಮನಸ್ಸಿನ ಸಂಶೋಧನೆಗಾಗಿ 100 ಕೋಟಿ ರೂಪಾಯಿ ಘೋಷಿಸಿತು. ದೀಪಿಕಾ ಪಡುಕೋಣೆ 2015ರಲ್ಲಿ ಸ್ಥಾಪಿಸಿದ ಲಿವ್ ಲವ್ ಲಾಫ್ ಪ್ರತಿಷ್ಠಾನ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಮನೋರೋಗಿಗಳ ಚಿಕಿತ್ಸೆಗೆ ಹೆಗಲು ಕೊಟ್ಟಿತು. ಕಲ್ಯಾಣ ಮಂಟಪಕ್ಕೂ ಹೃದ್ರೋಗ ಆಸ್ಪತ್ರೆಗೂ ಧಾರಾಳವಾಗಿ ಕೊಡುವ ನಮ್ಮಲ್ಲಿ ಮನಸ್ಸಿನ ಕಾಯಿಲೆಗೆ ಕೈಬಿಚ್ಚುವವರು ವಿರಳ. ಹಾಗಾಗಿ ಇದು ದೊಡ್ಡ ಮಾತೇ. ಆದರೂ ಚಿಕಿತ್ಸೆಗೆಂದು ಕೊಟ್ಟ ಹಣದ ಬಗ್ಗೆ ಒಂದು ಪ್ರಶ್ನೆ ಕೇಳಲೇಬೇಕು: ದಾನಿ ಹಿಂದೆ ಸರಿದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಏನು ಉಳಿಯುತ್ತದೆ?

ಉತ್ತರಕ್ಕೆ ದೂರ ಹೋಗಬೇಕಿಲ್ಲ, ಬಳ್ಳಾರಿ ಇದೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಅಲ್ಲಿ ಮಾಡಿದ ಪ್ರಯೋಗಕ್ಕೆ ಹೊಸ ಆಸ್ಪತ್ರೆ ಕಟ್ಟಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಅಗತ್ಯ ಔಷಧಗಳು ಅಲ್ಲೇ ಸಿಗುವಂತೆ ಮಾಡಿತು. ಸರ್ಕಾರದ ಜನರೇ ಸರ್ಕಾರದ ಕಟ್ಟಡದಲ್ಲೇ ನಡೆಸಿದ್ದರಿಂದ ಅದನ್ನು ಬೇರೆ ಕಡೆಗೂ ಒಯ್ಯಲು ಸಾಧ್ಯವಾಯಿತು: 1996ರಲ್ಲಿ 4 ಜಿಲ್ಲೆಗಳಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇವತ್ತು 700ಕ್ಕೂ ಹೆಚ್ಚು ಜಿಲ್ಲೆಗಳನ್ನು ಮುಟ್ಟಿದೆ. ಮುಟ್ಟಿದೆ ಅಷ್ಟೆ, ಹಲವೆಡೆ ತಜ್ಞರಿಲ್ಲ, ಅನುದಾನ ಹೊತ್ತಿಗೆ ಬರುವುದಿಲ್ಲ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ರೋಗಿಗಳಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ.

ಇಷ್ಟು ಸೊರಗಿದ ವ್ಯವಸ್ಥೆಯನ್ನು ನಂಬಿ ಕೂರುವುದಕ್ಕಿಂತ ದಾನಿಗಳೇ ಮುಂದಾಳತ್ವ ವಹಿಸಲಿ ಎನ್ನುವವರಿದ್ದಾರೆ. ಅವರ ಅಸಹನೆ ನ್ಯಾಯವಾದದ್ದೇ. ಸಂಶೋಧನೆಯ ಮಟ್ಟಿಗೆ ನನ್ನ ತಕರಾರೂ ಇಲ್ಲ; ಫಲ ಕಾಣಲು ಹತ್ತಿಪ್ಪತ್ತು ವರ್ಷ ಹಿಡಿಯುವ, ಕಾಣದೆಯೂ ಹೋಗಬಹುದಾದ ಕೆಲಸಕ್ಕೆ ಖಾಸಗಿ ಹಣವೇ ಲೇಸು. ಚಿಕಿತ್ಸೆಯ ಮಾತು ಬೇರೆ. ಸ್ಕಿಜೋಫ್ರೇನಿಯಾ ಇರುವ ಹಲವರು ವರ್ಷಗಟ್ಟಲೆ ಮಾತ್ರೆ ನುಂಗಬೇಕು, ಯೋಜನೆಯ ಅವಧಿ ಮೂರೋ ಐದೋ ವರ್ಷ. ಜಾಗೃತಿ ಅಭಿಯಾನ, ಆ್ಯಪ್‌ಗಳನ್ನು ವರದಿಯಲ್ಲಿ ತೋರಿಸುವುದು ಸುಲಭ. ಮಾತ್ರೆ ತಪ್ಪದೆ ಹಂಚಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಣ ಕೊಟ್ಟವರೇ ಆದ್ಯತೆಯನ್ನೂ ನಿರ್ಧರಿಸಿದರೆ ಹಿಂದೆ ಬೀಳುವುದು ಈ ಎರಡನೆಯ ಕೆಲಸ. ಅದಕ್ಕಿಂತ ಮುಖ್ಯವಾಗಿ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಚಿಕಿತ್ಸೆಯನ್ನು ಹಕ್ಕಾಗಿಸಿದೆ. ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧ ಉಚಿತವಾಗಿ ಸಿಗಬೇಕು ಎನ್ನುತ್ತದೆ. ಸಿಗದಿದ್ದರೆ ಸರ್ಕಾರವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ದಾನಿಯನ್ನು ಯಾವ ಕಾನೂನಿನಡಿ ಪ್ರಶ್ನಿಸುವುದು?

ಆದ್ದರಿಂದ ಹಣ ಕೊಡುವವರು ಒಪ್ಪಂದದಲ್ಲೇ ಬರೆಸಿಕೊಳ್ಳಲಿ: ಎಷ್ಟನೇ ವರ್ಷದಿಂದ ಸಿಬ್ಬಂದಿಯ ಸಂಬಳ, ಔಷಧದ ವೆಚ್ಚ ರಾಜ್ಯ ಬಜೆಟ್ಟಿಗೆ ಸೇರುತ್ತದೆ ಎಂದು. ಅದಕ್ಕೆ ಸಹಿ ಹಾಕಲು ಸರ್ಕಾರ ಹಿಂಜರಿದರೆ, ಆ ಹಿಂಜರಿಕೆಯನ್ನು ಸಾರ್ವಜನಿಕವಾಗಿ ಹೇಳುವ ಧೈರ್ಯವನ್ನೂ ತೋರಲಿ.